ಕಾರ್ನರ್‌ನಲ್ಲಿ ನಿಂತವನ ಬೆಲೆ ಎಷ್ಟು?

ನಮ್ಮ ಕಡೆ ಜಾತ್ರೆಯಲ್ಲಿ ಎತ್ತು ಮಾರಿದರೆ ಊರಲ್ಲಿ ಕೇಳುವ ಮೊದಲ ಪ್ರಶ್ನೆ, "ಎಷ್ಟಕ್ಕ ಹೋತು?" ಪ್ರೊ ಕಬಡ್ಡಿ ಹರಾಜು ಮುಗಿದ ಮರುದಿನ ಅದೇ ಕಟ್ಟೆಯ ಮೇಲೆ ಅದೇ ಜನ ಕೇಳೋದು, "ಅಂವ ಎಷ್ಟಕ್ಕ ಹೋದ?" ಎತ್ತಿಗೂ ಆಟಗಾರನಿಗೂ ಕ್ರಿಯಾಪದ ಒಂದೇ. ಇದನ್ನು ಹೇಳಿದರೆ ಬೆಂಗಳೂರಿನ ನನ್ನ ಕೆಲವು ಗೆಳೆಯರು ಮುಖ ಸಿಂಡರಿಸುತ್ತಾರೆ. ಮನುಷ್ಯರನ್ನು ಹರಾಜು ಹಾಕೋದೇ ಅನಾಗರಿಕ ಅನ್ನೋದು ಅವರ ವಾದ. ನನಗೆ ಹಾಗನ್ನಿಸಿಲ್ಲ. ಹರಾಜಿನಲ್ಲಿ ಒಂದು ಅನ್ಯಾಯ ಇದೆ, ನಿಜ. ಆದರೆ ಅದು ಅವರು ಬೆರಳು ತೋರಿಸುವ ಜಾಗದಲ್ಲಿ ಇಲ್ಲ ಅಂತ ನನ್ನ ಅನುಮಾನ.

ನಾನು ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರಿನವನು. ಊರ ಹೆಸರು ಕೇಳಿ ವಜ್ರದ ಜೋಕು ಮಾಡದ ಮ್ಯಾನೇಜರ್ ನನಗೆ ಇದುವರೆಗೆ ಸಿಕ್ಕಿಲ್ಲ. ವಜ್ರಕ್ಕೆ ಬೆಲೆ ಕಟ್ಟೋರನ್ನು ನಾನು ನೋಡಿಲ್ಲ, ಎತ್ತಿಗೆ ಬೆಲೆ ಕಟ್ಟೋರನ್ನು ಬೇಕಾದಷ್ಟು ನೋಡಿದ್ದೇನೆ. ಬಾಯಿ ತೆರೆಸಿ ಹಲ್ಲು ಎಣಿಸುತ್ತಾರೆ. ಗೊರಸು ನೋಡುತ್ತಾರೆ, ಬೆನ್ನ ಮೇಲೆ ಕೈಯಾಡಿಸುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಆಮೇಲೆ ಇಬ್ಬರ ಕೈ ಮೇಲೆ ಒಂದು ಟವೆಲ್ ಬೀಳುತ್ತದೆ. ಅದರ ಕೆಳಗೆ ಬೆರಳು ಹಿಡಿದು ವ್ಯವಹಾರ. ಸುತ್ತ ನಿಂತವರಿಗೆ ರೇಟು ಗೊತ್ತಾಗೋದಿಲ್ಲ. ವ್ಯಾಪಾರ ಮುರಿದು ಬಿದ್ದರೆ ಎತ್ತಿನ ಮಾನವೂ ಉಳಿಯಿತು, ಯಜಮಾನನ ಮಾನವೂ ಉಳಿಯಿತು. ಟಿವಿಯ ಹರಾಜಿನಲ್ಲಿ ಆ ಟವೆಲ್ ಇಲ್ಲ, ಅಷ್ಟೇ ವ್ಯತ್ಯಾಸ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ.

ದುಡ್ಡಿನ ವಿಷಯ ಮೊದಲು ಮುಗಿಸಿಬಿಡೋಣ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗ ಹರಾಜಿನ ಅತಿ ದೊಡ್ಡ ಮೊತ್ತ 12.80 ಲಕ್ಷ ರೂಪಾಯಿ. ರಾಕೇಶ್ ಕುಮಾರ್‌ಗೆ ಪಟ್ನಾ ಪೈರೇಟ್ಸ್ ಕೊಟ್ಟದ್ದು. 2018ರಲ್ಲಿ ಮೊದಲ ಸಲ ಒಬ್ಬ ಆಟಗಾರ 1 ಕೋಟಿ ಮುಟ್ಟಿದ. ಇರಾನಿನ ಫಜಲ್ ಅತ್ರಾಚಲಿ, ಕೊಂಡದ್ದು ಯು ಮುಂಬಾ. 2023ರಲ್ಲಿ ಪವನ್ ಸೆಹ್ರಾವತ್‌ಗೆ ತೆಲುಗು ಟೈಟನ್ಸ್ ಕೊಟ್ಟದ್ದು 2.605 ಕೋಟಿ. ಮಣ್ಣಿನಲ್ಲಿ ಮೊಣಕೈ ತರಚಿಕೊಂಡು ಆಡುವ ಆಟ, ಬ್ಯಾಟು ಬೇಡ, ಪ್ಯಾಡು ಬೇಡ, ಬೂಟೂ ಬೇಡ. ಅಂಥ ಆಟದಿಂದ ಒಬ್ಬ ರೈತನ ಮಗ ಮನೆ ಕಟ್ಟಿಸಿದರೆ ನನಗೆ ಖುಷಿಯೇ. ಮೊದಲೆಲ್ಲ ಕಬಡ್ಡಿ ಆಡಿದವನಿಗೆ ಸಿಗುತ್ತಿದ್ದ ದೊಡ್ಡ ಕನಸು ಅಂದರೆ ರೈಲ್ವೆಯಲ್ಲೋ ಸೈನ್ಯದಲ್ಲೋ ಪೊಲೀಸ್ ಇಲಾಖೆಯಲ್ಲೋ ಕ್ರೀಡಾ ಕೋಟಾದ ಕೆಲಸ. ಅದೂ ಒಂದು ಬೆಲೆಯೇ ತಾನೆ? ನಮ್ಮಂಥ ಎಂಜಿನಿಯರ್‌ಗಳಿಗೆ ಕ್ಯಾಂಪಸ್ ಆಯ್ಕೆಯಲ್ಲಿ ಪ್ಯಾಕೇಜ್ ಅಂತ ಹೇಳೋದು ಇನ್ನೇನು? ಅಲ್ಲಿ ಸುತ್ತಿಗೆ ಬಡಿಯೋದಿಲ್ಲ, ಇಲ್ಲಿ ಬಡಿಯುತ್ತದೆ. ಬೆಲೆ ಕಟ್ಟುವುದರಲ್ಲೇ ಅವಮಾನ ಇದೆ ಅನ್ನೋ ಮಾತನ್ನು ತಿಂಗಳ ಸಂಬಳ ತೆಗೆದುಕೊಳ್ಳುವ ನಾನು ಹೇಳಿದರೆ ಚೆನ್ನಾಗಿರೋದಿಲ್ಲ.

ಹಾಗಾದರೆ ತೊಂದರೆ ಎಲ್ಲಿ? ಅದಕ್ಕೆ ಕಬಡ್ಡಿಯ ಹಿಡಿತದ ಆಟ ಸ್ವಲ್ಪ ನೋಡಬೇಕು.

ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದೊಂದು ಕಡೆ 7 ಜನ. ರೈಡರ್ ಒಬ್ಬನೇ ಬರುತ್ತಾನೆ, 30 ಸೆಕೆಂಡ್ ಅವನ ಆಯುಷ್ಯ. ಕ್ಯಾಮೆರಾ ಅವನ ಮೇಲೆ, ಪ್ರೇಕ್ಷಕರ ಕಣ್ಣೂ ಅವನ ಮೇಲೆ. ಎದುರಿಗಿರುವ ಏಳು ಜನರಲ್ಲಿ ಎರಡು ತುದಿಗೆ ನಿಂತವರು ಕಾರ್ನರ್, ಎಡ ಮತ್ತು ಬಲ. ಅವರ ಒಳಗಡೆ ನಿಂತವರು ಇನ್ ಮತ್ತು ಕವರ್, ನಡುವೆ ಸೆಂಟರ್. ಕಾರ್ನರ್‌ನವನು ಕಾಲಿಗೆ ಬೀಳುತ್ತಾನೆ, ಪಾದದ ಗಂಟು ಅಥವಾ ತೊಡೆ ಹಿಡಿಯುತ್ತಾನೆ. ಕವರ್‌ನವನು ಅಡ್ಡ ಬಂದು ಗೋಡೆಯಾಗುತ್ತಾನೆ, ಇಲ್ಲವೇ ಭುಜ ಕೊಟ್ಟು ಅಂಕಣದ ಹೊರಗೆ ತಳ್ಳುತ್ತಾನೆ. ಇಬ್ಬಿಬ್ಬರು ಕೈ ಕೈ ಹಿಡಿದು ಸರಪಳಿ ಮಾಡಿಕೊಂಡು ರೈಡರ್ ಜೊತೆ ಜೊತೆಗೇ ಸರಿಯುತ್ತಾರೆ. ಟಿವಿಯಲ್ಲಿ ಇದು ಸುಮ್ಮನೆ ಅತ್ತಿತ್ತ ಓಲಾಡಿದ ಹಾಗೆ ಕಾಣುತ್ತದೆ. ಆಡಿದವರಿಗೆ ಮಾತ್ರ ಗೊತ್ತು, ಆ ಓಲಾಟದಲ್ಲೇ ಅರ್ಧ ಪಂದ್ಯ ಮುಗಿದಿರುತ್ತದೆ. ರೈಡರ್ ಎರಡು ಹೆಜ್ಜೆ ಬಲಕ್ಕೆ ಬಂದ, ಅಲ್ಲಿ ನಿಂತವನ ಕಾಲು ನೋಡಿದ, ಬೇಡ ಅಂತ ಎಡಕ್ಕೆ ತಿರುಗಿದ. ಅಲ್ಲೂ ದಾರಿ ಇಲ್ಲ. 30 ಸೆಕೆಂಡ್ ಮುಗಿಯಿತು, ಖಾಲಿ ಕೈಲಿ ವಾಪಸ್. ಹೀಗೆ ಸತತ ಎರಡು ಸಲ ಆದರೆ ಮೂರನೆಯದು ಡು ಆರ್ ಡೈ ರೈಡ್. ಅಂಕ ತರದೆ ಮರಳಿದರೆ ರೈಡರ್ ಔಟ್. ಅಂದರೆ ಆ ಮೂರನೇ ರೈಡಿನ ಟ್ಯಾಕಲ್‌ನ ಬೀಜ ಹಿಂದಿನ ಎರಡು ಖಾಲಿ ರೈಡಿನಲ್ಲೇ ಬಿದ್ದಿರುತ್ತದೆ.

ಈಗ ಅಂಕಪಟ್ಟಿ ತೆಗೆದು ನೋಡಿ. ಟ್ಯಾಕಲ್ ಅಂಕ ಒಬ್ಬನ ಹೆಸರಿಗೆ ಹೋಗುತ್ತದೆ. ಒಂದು ಪಂದ್ಯದಲ್ಲಿ ಐದು ಬಂದರೆ ಹೈ ಫೈವ್ ಅಂತ ಪರದೆ ಮೇಲೆ ಮಿಂಚುತ್ತದೆ. ಅಂಕಣದಲ್ಲಿ ಮೂವರೋ ಅದಕ್ಕಿಂತ ಕಡಿಮೆಯೋ ಇದ್ದಾಗ ಹಿಡಿದರೆ ಸೂಪರ್ ಟ್ಯಾಕಲ್, 2 ಅಂಕ. ಎಷ್ಟು ಸಲ ಪ್ರಯತ್ನಿಸಿದ, ಎಷ್ಟು ಸಲ ಯಶಸ್ವಿಯಾದ ಅನ್ನುವ ಶೇಕಡಾವಾರು ಲೆಕ್ಕವೂ ಇದೆ. ಆದರೆ ರೈಡರ್ ಯಾರ ಕಡೆ ಬರಲೇ ಇಲ್ಲ, ಯಾಕೆ ಬರಲಿಲ್ಲ ಅನ್ನುವ ಕಾಲಂ ಆ ಪಟ್ಟಿಯಲ್ಲಿ ಇಲ್ಲ. ಸರಪಳಿಯ ಇನ್ನೊಂದು ಕೈಗೂ ಜಾಗ ಇಲ್ಲ. ದಾರಿ ಮುಚ್ಚಿದವನು ಒಬ್ಬ, ಕಾಲು ಹಿಡಿದವನು ಇನ್ನೊಬ್ಬ. ಹೆಸರು ಎರಡನೆಯವನದು.

ಹಿಡಿತಗಾರರಿಗೆ ಬೆಲೆಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಮೊದಲು ಕೋಟಿ ಮುಟ್ಟಿದ ಫಜಲ್ ಎಡ ಕಾರ್ನರ್‌ನ ಆಟಗಾರ. ಅದೇ ದೇಶದ ಮೊಹಮ್ಮದ್‌ರೇಜಾ ಶಾದ್ಲೂಯಿ 2023ರಲ್ಲಿ 2.35 ಕೋಟಿಗೆ ಪುಣೇರಿ ಪಲ್ಟನ್ ಸೇರಿದ. ನಮ್ಮ ಕರ್ನಾಟಕದ ಬಿ.ಸಿ. ರಮೇಶ್ ಕೋಚ್ ಆಗಿದ್ದ ಆ ತಂಡ ಕಪ್ ಗೆದ್ದಿತು. ಮರುವರ್ಷ 2.07 ಕೋಟಿಗೆ ಹರಿಯಾಣ ಸ್ಟೀಲರ್ಸ್‌ಗೆ ಹೋದ, ಅವರೂ ಗೆದ್ದರು. ಪೇಟೆ ಪೂರ್ತಿ ಕುರುಡಲ್ಲ. ಹಾರಿ ಬಂದು ಕಾಲಿಗೆ ಬಿದ್ದು ರೈಡರನ್ನು ಉರುಳಿಸುವವನು ಅದಕ್ಕೆ ಕಾಣುತ್ತಾನೆ. ಆದರೆ ನಿಂತೇ ಇದ್ದು ರೈಡರನ್ನು ತಿರುಗಿಸಿ ಕಳಿಸುವವನು ಕಾಣೋದು ಕಷ್ಟ. ಹೆಸರಾದ ಆಟಗಾರರ ವಿಷಯದಲ್ಲಿ ಇದು ಅಷ್ಟು ನೋವು ಕೊಡೋದಿಲ್ಲ. ಅವರ ಆಟವನ್ನು ಹತ್ತಾರು ಪಂದ್ಯಗಳಲ್ಲಿ ಜನ ನೋಡಿರುತ್ತಾರೆ. ನೋವು ಇರೋದು ಇನ್ನೂ ಯಾರೂ ನೋಡಿರದ ಹುಡುಗರ ವಿಷಯದಲ್ಲಿ.

ನನ್ನ ದೊಡ್ಡಪ್ಪನ ಮೊಮ್ಮಗ ಒಬ್ಬನಿದ್ದಾನೆ. ಡಿಗ್ರಿ ಎರಡನೇ ವರ್ಷ, ಕಾಲೇಜು ತಂಡದ ಬಲ ಕಾರ್ನರ್. ಪ್ರೈಮರಿ ಶಾಲೆಯಲ್ಲಿದ್ದಾಗ ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಟೆಂಪೋದಲ್ಲಿ ನಿಂತುಕೊಂಡು ಹೋಗುತ್ತಿದ್ದ ಹುಡುಗ. ಕಳೆದ ವರ್ಷ ಬೇರೆ ಊರಲ್ಲಿ ನಡೆದ ಒಂದು ಆಯ್ಕೆ ಶಿಬಿರಕ್ಕೆ ಹೋಗಿದ್ದ. ರಾತ್ರಿ ಬಸ್ಸು, ಬೆಳಿಗ್ಗೆ ತೂಕ, ಎತ್ತರ, ಓಟ. ಮಧ್ಯಾಹ್ನ ಮ್ಯಾಟ್ ಮೇಲೆ ಹತ್ತು ನಿಮಿಷದ ಆಟ. ಸಂಜೆ ಹೆಸರು ಓದಿದರು, ಇವನದು ಇರಲಿಲ್ಲ. ಹೋಗಲಿ ಬಿಡು ಅಂತ ನಾನು ಫೋನಿನಲ್ಲಿ ಸಮಾಧಾನ ಮಾಡಿದರೆ ಅವನು ಹೇಳಿದ ಮಾತು ಇಷ್ಟೇ: "ಕಾಕಾ, ಹತ್ತು ನಿಮಿಷದಾಗ ನನ್ ಕಡಿ ಯಾರೂ ಬರ್ಲೇ ಇಲ್ಲ."

ಆ ವಾಕ್ಯ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಯಾರೂ ಬರಲಿಲ್ಲ. ಅವನನ್ನು ನೋಡಿ ಹೆದರಿ ಬರಲಿಲ್ಲವೋ, ಅವತ್ತು ಬಂದ ರೈಡರ್‌ಗಳಿಗೆ ಆ ಕಡೆ ನುಗ್ಗುವ ಅಭ್ಯಾಸವೇ ಇರಲಿಲ್ಲವೋ, ಬರೀ ಯೋಗಾಯೋಗವೋ? ಆಯ್ಕೆ ಮಾಡುವವರ ಕೈಯಲ್ಲಿದ್ದ ಹಾಳೆಯಲ್ಲಿ ಮೂರಕ್ಕೂ ಒಂದೇ ಅಂಕಿ ಬಿದ್ದಿರುತ್ತದೆ. ಟ್ಯಾಕಲ್ ಸೊನ್ನೆ.

ನಮ್ಮ ಕೆಲಸದಲ್ಲಿ ಡೇಟಾಬೇಸ್ ಕಲಿಯುವವರಿಗೆ ಮೊದಲ ವಾರದಲ್ಲೇ ಹೇಳಿಕೊಡುವ ಪಾಠ ಒಂದಿದೆ. ಒಂದು ಕಾಲಂನಲ್ಲಿ ಸೊನ್ನೆ ಇರೋದು ಬೇರೆ, ಏನೂ ಇಲ್ಲದಿರೋದು ಬೇರೆ. ಎರಡನೆಯದಕ್ಕೆ ನಲ್ ಅಂತಾರೆ. ರೈತರ ಭಾಷೆಯಲ್ಲಿ ಹೇಳಬೇಕಂದ್ರೆ, ಹೋಬಳಿಯ ಮಳೆ ಮಾಪಕದಲ್ಲಿ ಸೊನ್ನೆ ಮಿಲಿಮೀಟರ್ ಅಂತ ಬಂದರೆ ಮಳೆ ಆಗಿಲ್ಲ ಅಂತ ಅರ್ಥ. ಮಾಪಕವೇ ಕೆಟ್ಟಿದ್ದರೆ ಮಳೆ ಆಯಿತೋ ಇಲ್ಲವೋ ಗೊತ್ತಿಲ್ಲ ಅಂತ ಅರ್ಥ. ಕೆಟ್ಟ ಮಾಪಕದ ಖಾಲಿ ಜಾಗಕ್ಕೆ ಯಾರೋ ಸೊನ್ನೆ ತುಂಬಿಬಿಟ್ಟರೆ ಹೊಲದಲ್ಲಿ ನೀರು ನಿಂತಿದ್ದರೂ ಕಾಗದದಲ್ಲಿ ಬರಗಾಲ. ಸಾಫ್ಟ್‌ವೇರ್‌ನಲ್ಲಿ ನಲ್ ಜಾಗಕ್ಕೆ ಸೊನ್ನೆ ಬರೆದರೆ ಅದನ್ನು ದೋಷ ಅಂತಾರೆ, ರಾತ್ರಿ ಎಬ್ಬಿಸಿ ಸರಿ ಮಾಡಿಸುತ್ತಾರೆ. ಮನುಷ್ಯರನ್ನು ಅಳೆಯುವಾಗ ಅದೇ ಕೆಲಸ ದಿನಾ ನಡೆಯುತ್ತದೆ, ಅದಕ್ಕೆ ಆಯ್ಕೆ ಪ್ರಕ್ರಿಯೆ ಅಂತ ಹೆಸರು.

ಇದು ನಮ್ಮ ಬಡ ವ್ಯವಸ್ಥೆಯ ಸಮಸ್ಯೆ, ದುಡ್ಡಿದ್ದರೆ ಸರಿಯಾಗಿ ಅಳೆಯಬಹುದು ಅಂತ ಅಂದುಕೊಳ್ಳಬೇಡಿ. ನಮ್ಮ ಪ್ರಾಜೆಕ್ಟಿನ ಅಮೆರಿಕದ ಸಹೋದ್ಯೋಗಿಯೊಬ್ಬನಿಗೆ ಅವರ ಫುಟ್‌ಬಾಲ್ ಹುಚ್ಚು. ನಾವು ಕಾಲಿನಲ್ಲಿ ಆಡೋ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಡಿಕ್ಕಿ ಹೊಡೆಯೋದು. ಅಲ್ಲೂ ಹಿಡಿತಗಾರರ ಸಾಲು ಒಂದಿದೆ, ಡಿಫೆನ್ಸಿವ್ ಲೈನ್ ಅಂತಾರೆ. ಕಾಲೇಜು ತಂಡಗಳಿಂದ ವೃತ್ತಿಪರ ತಂಡಗಳಿಗೆ ಹುಡುಗರನ್ನು ಆರಿಸಲು ವರ್ಷಕ್ಕೊಮ್ಮೆ ಡ್ರಾಫ್ಟ್ ನಡೆಯುತ್ತದೆ. ಅದು ಹರಾಜಲ್ಲ, ಸರದಿ. ಹಿಂದಿನ ವರ್ಷ ಎಲ್ಲರಿಗಿಂತ ಕಳಪೆಯಾಗಿ ಆಡಿದ ತಂಡಕ್ಕೆ ಮೊದಲ ಸರದಿ. ಡ್ರಾಫ್ಟಿಗೂ ಮುಂಚೆ ಇಂಡಿಯಾನಾಪೊಲಿಸ್ ನಗರದಲ್ಲಿ ಹುಡುಗರನ್ನು ಸೇರಿಸಿ ಅಳೆಯುತ್ತಾರೆ. ಎತ್ತರ, ತೂಕ, ತೋಳಿನ ಉದ್ದ, 40 ಗಜದ ಓಟಕ್ಕೆ ಎಷ್ಟು ಸೆಕೆಂಡ್, ಸುಮಾರು 102 ಕಿಲೋ ಭಾರವನ್ನು ಮಲಗಿಕೊಂಡು ಎಷ್ಟು ಸಲ ಎತ್ತುತ್ತಾನೆ. ನಮ್ಮ ದನದ ಜಾತ್ರೆಗೆ ಸ್ಟಾಪ್‌ವಾಚ್ ಕೊಟ್ಟ ಹಾಗೆ.

ಇಷ್ಟೆಲ್ಲ ಆಗಿ ಏನಾಗುತ್ತದೆ? 2008ರಲ್ಲಿ ವರ್ನನ್ ಗೋಲ್‌ಸ್ಟನ್ ಎಂಬ ಹುಡುಗ ಅಳತೆಯಲ್ಲಿ ಎಲ್ಲರ ಕಣ್ಣು ಕುಕ್ಕಿದ. ಇಡೀ ದೇಶದಲ್ಲಿ ಆರನೆಯವನಾಗಿ ನ್ಯೂಯಾರ್ಕ್ ಜೆಟ್ಸ್ ತಂಡಕ್ಕೆ ಆಯ್ಕೆಯಾದ. ಎದುರಾಳಿಯ ಚೆಂಡೆಸೆಯುವವನನ್ನು ಹಿಡಿದು ಕೆಡವುವುದು ಅವನ ಮುಖ್ಯ ಕೆಲಸ, ಅದಕ್ಕೆ ಸ್ಯಾಕ್ ಅಂತಾರೆ. ಮೂರು ಋತು ಆಡಿದರೂ ಅವನಿಂದ ಒಂದೇ ಒಂದು ಸ್ಯಾಕ್ ಬರಲಿಲ್ಲ. ಇನ್ನೊಬ್ಬ ಆರನ್ ಡೊನಾಲ್ಡ್. ಆ ಸಾಲಿನ ಆಟಗಾರನಿಗೆ ಎತ್ತರ ಸಾಲದು ಅನ್ನುವ ಮಾತು ಅವನ ಬಗ್ಗೆ ಇತ್ತು. 2014ರ ಡ್ರಾಫ್ಟಿನಲ್ಲಿ ಅವನಿಗಿಂತ ಮುಂಚೆ 12 ಜನರನ್ನು ಆರಿಸಿದರು. ಮುಂದೆ ಮೂರು ಸಲ ಅವನೇ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರ ಅನ್ನಿಸಿಕೊಂಡ.

ಈ ಎರಡು ಕಥೆಗಳನ್ನು ಆ ಸಹೋದ್ಯೋಗಿ ನಗುತ್ತಾ ಹೇಳಿದ. ನನಗೆ ಮೂರನೇ ಕಥೆಯೊಂದು ಕಾಡಿತು, ಅದನ್ನು ಅವನೂ ಹೇಳಲಾರ, ಯಾರೂ ಹೇಳಲಾರರು. ಗೋಲ್‌ಸ್ಟನ್ ವಿಷಯದಲ್ಲಿ ಆದ ತಪ್ಪು ಎಲ್ಲರಿಗೂ ಕಂಡಿತು, ಯಾಕಂದ್ರೆ ಅವನನ್ನು ಆರಿಸಿದ್ದರು. ಡೊನಾಲ್ಡ್ ವಿಷಯದಲ್ಲಿ ಆದ ತಪ್ಪೂ ಕಂಡಿತು, ಯಾಕಂದ್ರೆ ಹದಿಮೂರನೆಯವನಾಗಿಯಾದರೂ ಆರಿಸಿದ್ದರು. ಆರಿಸದೇ ಮನೆಗೆ ಕಳಿಸಿದ ಹುಡುಗನೊಬ್ಬ ಡೊನಾಲ್ಡ್‌ನಷ್ಟೇ ದೊಡ್ಡ ಆಟಗಾರ ಆಗಬಹುದಿತ್ತು ಅಂದುಕೊಳ್ಳಿ. ಆ ತಪ್ಪಿಗೆ ಸಾಕ್ಷಿ ಎಲ್ಲಿದೆ? ಅವನು ಆಡಲೇ ಇಲ್ಲವಲ್ಲ. ಎಲ್ಲೋ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿರುತ್ತಾನೆ. ಅವನ ಕಡೆ ಯಾರೂ ಬರಲೇ ಇಲ್ಲ.

ಆರಿಸುವವನಿಂದ ಎರಡು ಥರದ ತಪ್ಪು ಆಗಬಹುದು. ಅರ್ಹನಲ್ಲದವನನ್ನು ಆರಿಸುವುದು ಒಂದು, ಅರ್ಹನನ್ನು ಬಿಡುವುದು ಇನ್ನೊಂದು. ಮೊದಲನೆಯದರ ಬೆಲೆಯನ್ನು ಆರಿಸಿದವನೇ ಕೊಡುತ್ತಾನೆ. ತಂಡ ಸೋಲುತ್ತದೆ, ಪೇಪರಿನಲ್ಲಿ ಬರುತ್ತದೆ, ಕೋಚ್ ಕೆಲಸ ಹೋಗುತ್ತದೆ. ಎರಡನೆಯದರ ಬೆಲೆಯನ್ನು ಕೊಡೋನು ಬಿಟ್ಟುಹೋದ ಹುಡುಗ, ಅವನೊಬ್ಬನೇ. ಆರಿಸಿದವನಿಗೆ ತಾನು ತಪ್ಪು ಮಾಡಿದೆ ಅಂತ ಗೊತ್ತೂ ಆಗೋದಿಲ್ಲ. ಗೊತ್ತಾಗದ ತಪ್ಪಿನಿಂದ ಯಾರೂ ಕಲಿಯೋದಿಲ್ಲ. ಇಪ್ಪತ್ತು ವರ್ಷ ಹೀಗೆ ಮಾಡಿದ ಮೇಲೆ ಅವನಿಗೆ ಹುಡುಗನ ಮುಖ ನೋಡಿದರೇ ಗೊತ್ತಾಗುತ್ತದೆ ಅಂತ ಹೆಸರು ಬಂದಿರುತ್ತದೆ. ಅವನು ಬಿಟ್ಟವರ ಪಟ್ಟಿ ಯಾರ ಹತ್ತಿರವೂ ಇರುವುದಿಲ್ಲವಲ್ಲ, ಹಾಗಾಗಿ ಆ ಹೆಸರಿಗೆ ಯಾವತ್ತೂ ಧಕ್ಕೆ ಬರೋದಿಲ್ಲ.

ನಾನು ಹುಡುಕುತ್ತಿದ್ದ ಅನ್ಯಾಯ ಇದೇ ಅನ್ನಿಸುತ್ತದೆ. ಮನುಷ್ಯನಿಗೆ ಬೆಲೆ ಕಟ್ಟಿದ್ದು ಅನ್ಯಾಯ ಅಲ್ಲ. ಅಳೆಯುವವನ ತಪ್ಪಿನ ದಂಡವನ್ನು ಅಳೆಸಿಕೊಂಡವನು ಕಟ್ಟುವುದು, ಅದೂ ರಸೀದಿ ಇಲ್ಲದೆ, ಅದು ಅನ್ಯಾಯ. ಕಾರ್ನರ್‌ನಲ್ಲಿ ನಿಂತವನಿಗೆ ಇದು ಎರಡು ಪಟ್ಟು. ಅವನ ಒಳ್ಳೆಯ ಆಟ ಅಂದರೇನೇ ಏನೋ ಒಂದು ಆಗದಂತೆ ನೋಡಿಕೊಳ್ಳುವುದು, ಅದು ಕಾಣೋದಿಲ್ಲ. ಅವನನ್ನು ಬಿಟ್ಟರೆ ಆ ತಪ್ಪೂ ಕಾಣೋದಿಲ್ಲ.

ಇದಕ್ಕೊಂದು ಗಟ್ಟಿ ಉತ್ತರ ಇದೆ, ಅದನ್ನು ಮರೆಮಾಚಬಾರದು. ಜಾಗ ಎಷ್ಟಿದೆ ನೋಡಿ. ಲೀಗಿನಲ್ಲಿ 12 ತಂಡ, ಒಂದು ತಂಡಕ್ಕೆ ಹೆಚ್ಚೆಂದರೆ 25 ಜನ. ಒಟ್ಟು 300. ಒಂದೊಂದು ತಂಡದ ಥೈಲಿಯಲ್ಲಿ 5 ಕೋಟಿ. 2022ರ ಹರಾಜಿನ ಪಟ್ಟಿಯಲ್ಲೇ 500ಕ್ಕೂ ಹೆಚ್ಚು ಹೆಸರುಗಳಿದ್ದವು. ಆ ವರ್ಷ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಫೈನಲ್ ತಲುಪಿದ ಎರಡು ತಂಡಗಳ ಹುಡುಗರನ್ನೂ ಅದರಲ್ಲಿ ಸೇರಿಸಿದ್ದರು. ಕಾಲೇಜಿನಿಂದ ಲೀಗಿಗೆ ನೇರ ಬಾಗಿಲು ತೆರೆದ ಒಳ್ಳೆಯ ಕೆಲಸ ಅದು. ಆದರೆ ಫೈನಲ್‌ಗೆ ಬಾರದ ತಂಡದಲ್ಲೂ ಒಬ್ಬ ಒಳ್ಳೆಯ ಕವರ್ ಇರಬಹುದಲ್ಲ? ಇರಬಹುದು. ಅಷ್ಟು ಜನರನ್ನು ಎಷ್ಟು ದಿನ ನೋಡ್ತಾ ಕೂಡೋದು? ಯಾರನ್ನೋ ಬಿಡಲೇಬೇಕು. ಕಾಣದ ಗುಣಕ್ಕೂ ಅಂಕ ಕೊಡಿ ಅಂತ ಶುರು ಮಾಡಿದರೆ ಎಲ್ಲರೂ ತಮ್ಮಲ್ಲಿ ಕಾಣದ ಗುಣ ಇದೆ ಅಂತಲೇ ಹೇಳ್ತಾರೆ. ಇನ್ನೂ ಕೆಟ್ಟದ್ದೇನಂದ್ರೆ, ಕಾಣದ ಗುಣವನ್ನು ಗುರುತಿಸುವ ಅಧಿಕಾರ ಆಯ್ಕೆದಾರನಿಗೆ ಕೊಟ್ಟರೆ ಅದು ಕೊನೆಗೆ ಅವನ ಅಳಿಯನಲ್ಲೇ ಕಾಣುತ್ತದೆ. ಸ್ಟಾಪ್‌ವಾಚಿಗೆ ಕರುಣೆ ಇಲ್ಲ ನಿಜ, ಆದರೆ ಅದಕ್ಕೆ ಅಳಿಯನೂ ಇಲ್ಲ. ನಮ್ಮ ಭಾಗದ ಹುಡುಗರಿಗೆ ಶಿಫಾರಸಿಗಿಂತ ಸ್ಟಾಪ್‌ವಾಚೇ ಹೆಚ್ಚು ಒಳ್ಳೆಯದು ಮಾಡಿದೆ. ನಾನೇ ಸಿಇಟಿ ರ‍್ಯಾಂಕಿನಿಂದ ಬಿ.ಇ. ಸೀಟು ಹಿಡಿದವನು.

ಈ ವಾದವನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಪ್ಪಿದ ಮೇಲೂ ಒಂದು ಉಳಿಯುತ್ತದೆ. ಬಿಡಲೇಬೇಕಾದವನನ್ನು ಬಿಡುವುದು ಬೇರೆ, ಬಿಟ್ಟವನಿಗೆ ನೀನು ಸೊನ್ನೆ ಅಂತ ಹೇಳುವುದು ಬೇರೆ. ಹತ್ತು ನಿಮಿಷದಲ್ಲಿ ನಿನ್ನ ಆಟ ನಮಗೆ ನೋಡಲು ಸಿಗಲಿಲ್ಲ ಅನ್ನೋ ಒಂದು ವಾಕ್ಯಕ್ಕೆ ಎಷ್ಟು ಖರ್ಚು? ಆ ಹುಡುಗ ಬಸ್ಸಿನಲ್ಲಿ ವಾಪಸ್ ಬರುವಾಗ ಹೊತ್ತು ತರುವ ಭಾರದಲ್ಲಿ ಅದು ದೊಡ್ಡ ವ್ಯತ್ಯಾಸ ಮಾಡುತ್ತದೆ. ಯಾಕಂದ್ರೆ ಹತ್ತೊಂಬತ್ತರ ವಯಸ್ಸಿನಲ್ಲಿ ಬೇರೆಯವರು ಹೇಳಿದ ಅಂಕಿಯನ್ನು ನಾವು ನಮ್ಮ ಹೆಸರಿನಷ್ಟೇ ಗಟ್ಟಿಯಾಗಿ ನಂಬುತ್ತೇವೆ.

ಈ ಮಾತನ್ನು ದೂರದಲ್ಲಿ ಕೂತು ಹೇಳೋದು ಸುಲಭ. ಆದರೆ ದೀಪಾವಳಿಗೆ ಊರಿಗೆ ಹೋದಾಗ ಹುಡುಗನ ಅಪ್ಪ, ಅಂದರೆ ನನ್ನ ಅಣ್ಣ, ನೇರ ನನ್ನನ್ನೇ ಆ ಕುರ್ಚಿಯಲ್ಲಿ ಕೂಡಿಸಿದ. "ನೀ ಕಂಪ್ಯೂಟರ್‌ದಾಗ ಕೆಲಸ ಮಾಡ್ತಿ, ಅವನ ವಿಡಿಯೋ ಅವ, ನೋಡಿ ಹೇಳು. ಅವನ ಕೈಲಿ ಆಗ್ತದಾ ಇಲ್ಲಾ? ಆಗಲ್ಲಂದ್ರ ಡಿಗ್ರಿ ಮುಗಿಸಲಿ, ಮುಂದಿಂದು ನೋಡಮು." ಹುಡುಗನಿಗೆ ಒಂದು ವರ್ಷ ದೊಡ್ಡ ಊರಲ್ಲಿ ಇದ್ದು ಮ್ಯಾಟ್ ಮೇಲೆ ತರಬೇತಿ ಪಡೆಯೋ ಆಸೆ. ಖರ್ಚು ಸೋಯಾ ಮಾರಿದ ದುಡ್ಡಿನಿಂದ ಬರಬೇಕು. ಆ ವರ್ಷ ಸೋಯಾ ರೇಟು ಹೇಗಿತ್ತು ಅಂತ ನಮ್ಮ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ.

ಅವನ ಗೆಳೆಯ ಮೊಬೈಲ್‌ನಲ್ಲಿ ಹಿಡಿದ ನಾಲ್ಕು ಪಂದ್ಯ ಪೂರ್ತಿ ನೋಡಿದೆ. ಹುಡುಗ ಕಳಿಸಿದ್ದು ಬರೀ ಯಶಸ್ವಿ ಟ್ಯಾಕಲ್‌ಗಳ ತುಣುಕು, ಹಿಂದೆ ಸಿನಿಮಾ ಹಾಡು ಬೇರೆ. ಅದನ್ನು ಬಿಟ್ಟು ಪೂರ್ತಿ ಪಂದ್ಯ ಕಳಿಸು ಅಂದೆ. ಒಂದು ಹಾಳೆಯಲ್ಲಿ ಅಂಕಪಟ್ಟಿ ಬರೆಯದ್ದನ್ನು ಬರೆಯುತ್ತಾ ಹೋದೆ. ಟ್ಯಾಕಲ್ ಸಿಕ್ಕಿದ್ದು 6, ತಪ್ಪಿದ್ದು 5. ಸಾಧಾರಣ. ಆದರೆ ರೈಡರ್ ಅವನ ಕಡೆ ಕಾಲಿಟ್ಟು, ನೋಡಿ, ತಿರುಗಿ ಹೋದದ್ದು 31 ಸಲ. ಪಕ್ಕದ ಕವರ್ ಹುಡುಗನ ಕೈಯನ್ನು ಅವಸರದಲ್ಲಿ ಬಿಟ್ಟದ್ದು ಬರೀ 2 ಸಲ. ಜೊತೆಗೆ ಕಂಡ ಕೊರತೆಗಳನ್ನೂ ಬರೆದೆ. ಒಂದು ಹಿಡಿತ ತಪ್ಪಿದರೆ ಮುಂದಿನ ಎರಡು ರೈಡಿನಲ್ಲಿ ಮಂಕಾಗುತ್ತಾನೆ. ಸುಸ್ತಾದಾಗ ಮೊಣಕಾಲು ಬಗ್ಗಿಸದೆ ನೆಟ್ಟಗೆ ನಿಲ್ಲುತ್ತಾನೆ, ಆಗ ರೈಡರ್ ಸುಲಭವಾಗಿ ಕಾಲು ಚಾಚಿ ಮುಟ್ಟಿ ಹೋಗುತ್ತಾನೆ. ಆ 31ರಲ್ಲಿ ಎಷ್ಟು ಇವನ ಶಕ್ತಿ, ಎಷ್ಟು ಪಕ್ಕದವನದು, ಎಷ್ಟು ರೈಡರ್‌ನ ಅಂಜಿಕೆ ಅಂತ ನನ್ನ ಹಾಳೆ ಹೇಳೋದಿಲ್ಲ. ಹೇಳುತ್ತದೆ ಅಂತ ನಾನು ನಟಿಸಿದರೆ ನಾನೂ ಆ ಸೊನ್ನೆ ತುಂಬುವವರ ಜಾತಿಗೇ ಸೇರುತ್ತೇನೆ, ಬೇರೆ ಅಂಕಿ ಇಟ್ಟುಕೊಂಡು ಅಷ್ಟೇ.

ಅಣ್ಣನಿಗೆ ಆಗ್ತದೆ ಅಂತಲೂ ಹೇಳಲಿಲ್ಲ, ಆಗಲ್ಲ ಅಂತಲೂ ಹೇಳಲಿಲ್ಲ. ಕಂಡದ್ದು ಇಷ್ಟು, ಕಾಣದ್ದು ಇಷ್ಟು ಅಂತ ಎರಡು ಕಾಲಂ ಮಾಡಿ ಓದಿ ಹೇಳಿದೆ. ಒಂದು ವರ್ಷದ ಖರ್ಚಿನಲ್ಲಿ ಅರ್ಧ ನನ್ನದು ಅಂತಲೂ ಹೇಳಿದೆ. ಯಾಕೆ ಹೇಳಿದೆ ಅಂದರೆ, ನನ್ನ ಅಳತೆ ತಪ್ಪಾದರೆ ಅದರ ದಂಡವನ್ನು ಅವರಷ್ಟೇ ಕಟ್ಟಬಾರದು. ಅಳೆಯುವವನ ಜೇಬಿಗೂ ಸ್ವಲ್ಪ ಬಿಸಿ ತಾಗಬೇಕು. ಡಿಗ್ರಿ ಬಿಡಬಾರದು ಅನ್ನೋ ಶರತ್ತು ಅಣ್ಣನದು, ಅದು ನ್ಯಾಯವಾದದ್ದೇ.

ಹುಡುಗನಿಗೆ ಬೇರೆ ಮಾತು ಹೇಳಬೇಕಿತ್ತು. ಆರಿಸುವವರಿಗೆ ಕಾಣದ ಯೋಗ್ಯತೆ ನಿನ್ನಲ್ಲಿರಬಹುದು ಅಂತ ಹೇಳುವಾಗ ಒಂದು ಅಪಾಯ ಇದೆ. ಆ ಮಾತು ದಿಂಬಾಗಿಬಿಡಬಹುದು. ನಂಗೆ ಅನ್ಯಾಯ ಆಯ್ತು, ಅದಕ್ಕೇ ಹಿಂದುಳಿದೆ ಅಂತ ಜೀವಮಾನ ಅದರ ಮೇಲೆ ಮಲಗಿದವರನ್ನು ಪ್ರತಿ ಊರಲ್ಲೂ ನೋಡಬಹುದು, ಕೆಲವರಿಗೆ ನಿಜವಾಗಿಯೂ ಅನ್ಯಾಯ ಆಗಿರುತ್ತದೆ. ಹಾಗಾಗಿ ಮೊಣಕಾಲು ಬಗ್ಗಿಸದ ವಿಷಯವನ್ನು ಮೊದಲು ಹೇಳಿದೆ, 31ರ ವಿಷಯ ಆಮೇಲೆ. ನಲ್ ಅಂದರೆ ಸೊನ್ನೆಯಲ್ಲ, ನಿಜ. ಆದರೆ ನಲ್ ಅಂದರೆ ನೂರೂ ಅಲ್ಲವಲ್ಲ.

ಬೆಲೆ ಅನ್ನೋದು ಎಷ್ಟು ಬೇಗ ಬದಲಾಗುತ್ತದೆ ಅಂತಲೂ ಹೇಳಿದೆ. ಪವನ್ ಸೆಹ್ರಾವತ್ 2022ರಲ್ಲಿ 2.26 ಕೋಟಿಗೆ ತಮಿಳ್ ತಲೈವಾಸ್ ಸೇರಿ ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಇಡೀ ಋತು ಹೊರಗೆ ಕೂತ. ಮರುವರ್ಷ 2.605 ಕೋಟಿಗೆ ಅವನನ್ನು ಕೊಂಡ ಟೈಟನ್ಸ್ ಪಟ್ಟಿಯ ಕೊನೆಯ ಸ್ಥಾನದಲ್ಲಿ ಮುಗಿಸಿತು. ಪರ್ದೀಪ್ ನರ್ವಾಲ್ 2021ರಲ್ಲಿ 1.65 ಕೋಟಿ, 2024ರಲ್ಲಿ ನಮ್ಮ ಬೆಂಗಳೂರು ಬುಲ್ಸ್‌ಗೆ 70 ಲಕ್ಷ, 2025ರ ಹರಾಜಿನಲ್ಲಿ ಯಾರೂ ಕೊಳ್ಳಲಿಲ್ಲ, ಆತ ನಿವೃತ್ತಿ ಹೇಳಿದ. ರೈಡಿಂಗ್‌ನಲ್ಲಿ 1700ಕ್ಕೂ ಹೆಚ್ಚು ಅಂಕ ಗಳಿಸಿದ ಮನುಷ್ಯ. ಆ ಅಂಕಗಳು ಎಲ್ಲೂ ಹೋಗಿಲ್ಲ, ಅಲ್ಲೇ ಇವೆ. ಹರಾಜಿನ ಸುತ್ತಿಗೆ ಹೇಳೋದು ಮುಂದಿನ ಕೆಲವು ತಿಂಗಳಿಗೆ ನಿನ್ನಿಂದ ನಮಗೆ ಏನು ಸಿಗಬಹುದು ಅನ್ನೋ ಒಂದು ಅಂದಾಜು. ಅಷ್ಟಕ್ಕೇ ಅದನ್ನು ಕೇಳಬೇಕು.

ನಮ್ಮ ಕಲ್ಯಾಣದ ಕಥೆಗಳಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಎಲ್ಲರಿಗೂ ಗೊತ್ತು. ಗಂಡ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳು. ಚಿಕ್ಕವನಿದ್ದಾಗ ಇದು ದುರಾಸೆ ಬೇಡ ಅನ್ನೋ ನೀತಿಕಥೆ ಅಂತ ಕೇಳಿದ್ದೆ. ಈಗ ನನಗೆ ಬೇರೆ ಏನೋ ಕಾಣುತ್ತದೆ. ಆ ಮನೆಯಲ್ಲಿ ಅಳತೆ ಇತ್ತು, ಬಹಳ ಕಟ್ಟುನಿಟ್ಟಾಗಿಯೇ ಇತ್ತು. ಅಳೆದದ್ದು ಅಕ್ಕಿಯನ್ನು. ಹೆಚ್ಚು ತಂದ ದಿನ ಮಾರಯ್ಯ ದೊಡ್ಡವನಾಗಲಿಲ್ಲ, ಕಡಿಮೆ ತಂದಿದ್ದರೆ ಚಿಕ್ಕವನೂ ಆಗುತ್ತಿರಲಿಲ್ಲ. ಕಾಯಕಕ್ಕೆ ಲೆಕ್ಕ ಇತ್ತು, ಮನುಷ್ಯನಿಗೆ ಇರಲಿಲ್ಲ. ವರ್ಷಕ್ಕೊಮ್ಮೆ ಅಪ್ರೈಸಲ್ ರೇಟಿಂಗ್ ನೋಡಿ ಊಟ ಬಿಡುವ ನಮ್ಮ ಪೀಳಿಗೆಗೆ ಇದು ಸುಲಭದ ಮಾತಲ್ಲ. ರೇಟಿಂಗ್ ಕೊಡುವವರಿಗೂ ಸುಲಭವಲ್ಲ.

ಹುಡುಗ ಈಗ ದೊಡ್ಡ ಊರಲ್ಲಿದ್ದಾನೆ. ಬೆಳಿಗ್ಗೆ ಮ್ಯಾಟು, ಆಮೇಲೆ ಪರೀಕ್ಷೆಯ ಓದು. ಮುಂದಿನ ಸಲ ಅವನನ್ನು ಆರಿಸುತ್ತಾರೋ ಇಲ್ಲವೋ ಗೊತ್ತಿಲ್ಲ. ಆರಿಸದಿದ್ದರೆ ನಾನು ಮತ್ತು ಅಣ್ಣ ಅರ್ಧ ಅರ್ಧ ಕಳೆದುಕೊಂಡಿರುತ್ತೇವೆ, ಹುಡುಗ ಒಂದು ವರ್ಷ ಕಳೆದುಕೊಂಡಿರುತ್ತಾನೆ, ಆ ಲೆಕ್ಕ ಸಮ ಅಲ್ಲ ಅಂತಲೂ ನನಗೆ ಗೊತ್ತು. ಮೊನ್ನೆ ಫೋನಿನಲ್ಲಿ ಕೋಚ್ ಬೈದ ಕಥೆ ಹೇಳಿದ. ಪಕ್ಕದ ಕವರ್ ಹುಡುಗ ಹಿಡಿದ ಟ್ಯಾಕಲ್‌ಗೆ ಇವನು ಕುಣಿದು ಕೂಗಿದನಂತೆ, ನಿಂದಲ್ಲದ ಅಂಕಕ್ಕೆ ಯಾಕೆ ಕುಣೀತಿ ಅಂತ ಬೈಗುಳ. "ನಾ ಏನಂದಿ ಗೊತ್ತಾ ಕಾಕಾ? ಸರ್, ಆ ರೈಡರ್ ಅತ್ತಾಗ ಹೋಗಿದ್ದು ಯಾಕ ಅಂತ ಅವನಿಗೇ ಕೇಳ್ರಿ ಅಂದೆ." ಆಮೇಲೆ ಅಂಕಣದ ಸುತ್ತ ಇಪ್ಪತ್ತು ಸುತ್ತು ಓಡಿಸಿದರಂತೆ.